ಬೆಂಗಳೂರಿಗೆ ಹೋದಾಗ ಎಲ್ಲಿ ತಿನ್ನೋಣ, ಏನು ಕುಡಿಯೋಣ?

ತೋಟಗಾರರಿಗೆ ಬೆಂಗಳೂರು ಹೊಸ ಊರೇನೂ ಅಲ್ಲ. ಕೋರ್ಟು ಕಚೇರಿ, ಆಸ್ಪತ್ರೆ, ಮಕ್ಕಳ ಕಾಲೇಜು, ನೆಂಟರ ಮನೆಯ ಮದುವೆ ಎಂದು ವರ್ಷಕ್ಕೆ ಒಂದೆರಡು ಸಲವಾದರೂ ಅಲ್ಲಿಗೆ ಹೋಗದವರು ನಮ್ಮಲ್ಲಿ ವಿರಳ. ಆದರೆ ಹೋಗಿ ಬಂದವರನ್ನು "ಅಲ್ಲಿ ಏನು ತಿಂದಿರಿ?" ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಬಸ್‌ಸ್ಟ್ಯಾಂಡಿನ ಹತ್ತಿರ ಏನೋ ಒಂದಿಷ್ಟು ತಿಂದೆವು". ಮನೆಯಲ್ಲಿ ಒತ್ತು ಶಾವಿಗೆಗೆ ಕಾಯಿಹಾಲು ಸ್ವಲ್ಪ ನೀರಾದರೂ ಹೆಸರಿಡುವ ನಾವು, ಪೇಟೆಯಲ್ಲಿ ಮಾತ್ರ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗಿ, ಸಿಕ್ಕಿದ್ದನ್ನು ತಿಂದು, ಹೊಟ್ಟೆ ಕೆಡಿಸಿಕೊಂಡು ಊರಿಗೆ ಮರಳುತ್ತೇವೆ.

ಈಚೆಗೆ ಸದಸ್ಯ ಬಾಂಧವರು ಹತ್ತು ಹನ್ನೆರಡು ಮಂದಿ ಕೂಡಿಕೊಂಡು, ಕೆಲಸವೇನೂ ಇಲ್ಲದೆ, ಊರು ನೋಡುವುದಕ್ಕೆಂದೇ ಬೆಂಗಳೂರಿಗೆ ಹೋಗುವ ಪರಿಪಾಠ ಬೆಳೆದಿದೆ. ಇದು ಸಂತೋಷದ ವಿಷಯ. ಹಾಗೆ ಹೊರಡುವವರು ಲಾಲ್‌ಬಾಗ್ ಯಾವಾಗ, ವಿಧಾನಸೌಧ ಯಾವಾಗ ಎಂದು ಪಟ್ಟಿ ಮಾಡುತ್ತಾರೆ. ಊಟ ತಿಂಡಿಗೆ ಮಾತ್ರ ಪಟ್ಟಿ ಇರುವುದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ತಿನ್ನುವುದೂ ನೋಡುವುದರಷ್ಟೇ ದೊಡ್ಡ ಬಾಬತ್ತು ಎಂದು ನಮ್ಮ ಅಭಿಪ್ರಾಯ. ಸರಿಯಾಗಿ ಲೆಕ್ಕ ಹಾಕಿದರೆ ಎರಡು ದಿನದಲ್ಲಿ, ಹೊಟ್ಟೆಗೆ ಭಾರವಾಗದಂತೆ, ನೂರು ವರ್ಷದ ಹೋಟೆಲ್ ಚರಿತ್ರೆಯನ್ನೇ ರುಚಿ ನೋಡಿ ಬರಬಹುದು.

ಇನ್ನೊಂದು ಮಾತೂ ಇದೆ. ಕಣದಲ್ಲಿ ಒಣಗಿಸಿ, ಚೀಲ ತುಂಬಿ, ತೂಕ ಮಾಡಿಸಿ ಲಾರಿಗೆ ಹಾಕಿದ ಮೇಲೆ ನಮ್ಮ ಕಾಫಿ ನಮಗೆ ಮತ್ತೆ ಕಾಣುವುದಿಲ್ಲ. ಅದು ಎಲ್ಲಿ ಹೋಯಿತು, ಯಾರ ಲೋಟಕ್ಕೆ ಬಿತ್ತು, ಯಾವ ಬೆರಕೆಯಲ್ಲಿ, ಯಾವ ಬೆಲೆಗೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆದುದರಿಂದ ಈ ತಿಂಡಿಯ ಯಾತ್ರೆಯನ್ನು ನಾವು ಬರಿಯ ಬಾಯಿಚಪಲದ ಯಾತ್ರೆ ಎಂದು ಭಾವಿಸಬಾರದು. ನಮ್ಮ ಬೆಳೆಯ ಕೊನೆಯ ಗಮ್ಯವನ್ನು ನಮ್ಮ ಕಣ್ಣಿನಿಂದಲೇ ನೋಡಿಬರುವ ಅವಕಾಶವಿದು.

ಬಿಡುವು ಯಾವಾಗ, ವಾರ ಯಾವುದು?

ಮೊದಲು ಕಾಲದ ಲೆಕ್ಕ. ಬೆಂಗಳೂರಿನ ತಿಂಡಿಗೆ ಸೊಗಸಾದ ಕಾಲವೆಂದರೆ ಅವರೆಕಾಯಿಯ ಕಾಲ, ಅಂದರೆ ಡಿಸೆಂಬರ್ ಜನವರಿ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಕಾರ್ತಿಕ ಮಾಸದ ಕೊನೆಯ ಸೋಮವಾರ ಬರುತ್ತದೆ. ಆದರೆ ಆ ದಿನಗಳಲ್ಲಿ ನಾವು ಎಲ್ಲಿರುತ್ತೇವೆ? ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಇತ್ತ ಅಡಿಕೆಯ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಳುಗಳು ಸಿಗುವುದೇ ದುಸ್ತರವಾದ ಈ ದಿನಗಳಲ್ಲಿ ಯಜಮಾನನೇ ಕಣ ಬಿಟ್ಟು ಹೋದರೆ ಮಂಜಿಗೆ ನೆನೆದ ಚೆರಿ ಅವನಿಗಾಗಿ ಕಾಯುವುದಿಲ್ಲ.

ಹಾಗಾಗಿ ನಮಗೆ ಹೊಂದುವ ಕಾಲ ಎರಡು. ಕೊಯ್ಲು ಮುಗಿದು, ಹೂಮಳೆಯೋ ತುಂತುರು ನೀರಾವರಿಯೋ ಒಂದು ಹಂತಕ್ಕೆ ಬಂದ ಮೇಲಿನ ಏಪ್ರಿಲ್ ಒಂದು. ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ ಹೊಡೆದು ಕೈತೊಳೆದುಕೊಂಡ ಆಗಸ್ಟ್ ಇನ್ನೊಂದು. ಆಗಸ್ಟ್‌ನಲ್ಲಿ ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಇರುತ್ತದೆ. ನೋಡತಕ್ಕದ್ದೇ. ಆದರೆ ಆ ದಿನಗಳಲ್ಲಿ ಅದರ ಸುತ್ತಿನ ಹೋಟೆಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂಬುದನ್ನು ನೆನಪಿಡಿ.

ಇನ್ನು ವಾರದ ಲೆಕ್ಕ. ಹಳೆಯ ಹೋಟೆಲುಗಳಿಗೆ ವಾರಕ್ಕೊಂದು ರಜೆ ಇರುತ್ತದೆ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್‌ಗೆ ಸೋಮವಾರ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಮೂರನ್ನೂ ಕಳೆದರೆ ಉಳಿಯುವುದು ಮಂಗಳ, ಬುಧ, ಗುರು ಮತ್ತು ಶನಿ. ಶನಿವಾರ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಸೋಮವಾರ ರಾತ್ರಿ ಬಸ್ಸು ಹತ್ತಿ ಮಂಗಳವಾರ ಬೆಳಗ್ಗೆ ಇಳಿದು, ಬುಧವಾರ ರಾತ್ರಿ ಮರಳಿ ಹತ್ತುವುದೇ ಸರಿಯಾದ ಲೆಕ್ಕ. ರಜೆಯ ದಿನ ಬದಲಾಗುವುದೂ ಉಂಟು. ಹೊರಡುವ ಮುನ್ನ ಒಂದು ಫೋನು ಮಾಡಿ ಕೇಳಿಕೊಂಡರೆ ಮುಚ್ಚಿದ ಬಾಗಿಲಿಗೆ ನಮಸ್ಕಾರ ಹಾಕಿ ಬರುವುದು ತಪ್ಪುತ್ತದೆ.

ವಾರದಷ್ಟೇ ಮುಖ್ಯ ಹೊತ್ತು. ಇಂಥ ಹೋಟೆಲುಗಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ತೆರೆದಿರುವುದಿಲ್ಲ. ಬೆಳಗಿನ ತಿಂಡಿ ಮುಗಿಸಿ ಬಾಗಿಲು ಹಾಕಿ, ಮಧ್ಯಾಹ್ನದ ಮೇಲೆ ಮತ್ತೆ ತೆರೆಯುವುದು ಅವರ ಕ್ರಮ. ಹನ್ನೊಂದೂವರೆಗೆ ಹೋಗಿ "ಇಡ್ಲಿ ಇದೆಯಾ?" ಎಂದರೆ ಮುಗಿದಿರುತ್ತದೆ. ತೋಟದಲ್ಲಿ ಆರಕ್ಕೇ ಏಳುವ ನಮಗೆ ಬೆಳಗಿನ ಏಳು ಗಂಟೆ ಹೆಚ್ಚಿನ ಕಷ್ಟವಲ್ಲ. ಪೇಟೆಯವರು ಮಲಗಿರುವಾಗ ನಾವು ತಿಂದು ಮುಗಿಸಬಹುದು.

ಮೊದಲನೆಯ ದಿನ: ಬಸವನಗುಡಿಯ ಕಡೆ

ಒಂದೇ ದಿನ ಊರಿನ ನಾಲ್ಕು ದಿಕ್ಕಿಗೂ ಓಡುವುದು ಅವಿವೇಕ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಹಾದಿಗೇ ಹಸಿವು ಕಳೆದುಹೋಗುತ್ತದೆ. ಒಂದು ದಿನಕ್ಕೆ ಒಂದು ಬಡಾವಣೆ ಎಂದು ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಬಸವನಗುಡಿ, ಶಂಕರಪುರ, ವಿಶ್ವೇಶ್ವರಪುರ ಮತ್ತು ಲಾಲ್‌ಬಾಗ್. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಎರಡೂ ಒಂದರ ಪಕ್ಕ ಒಂದು ನಿಲ್ದಾಣ. ಅಲ್ಲಿಂದ ಮುಂದೆ ಎಲ್ಲವೂ ನಡಿಗೆಯ ದೂರ. ನಡೆದಷ್ಟೂ ಹಸಿವು, ಹಸಿದಷ್ಟೂ ರುಚಿ.

ಬೆಳಗ್ಗೆ ಮೊದಲು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ೧೯೪೩ರಲ್ಲಿ ಸುತ್ತಲಿನ ಶಾಲಾ ಕಾಲೇಜಿನ ಹುಡುಗರಿಗಾಗಿ ತೆರೆದ ಪುಟ್ಟ ಹೋಟೆಲಾದ್ದರಿಂದ ಆ ಹೆಸರು ಬಂತು. ೧೯೭೦ರಲ್ಲಿ ಈಗಿನ ಅಡಿಗ ಕುಟುಂಬದ ಕೈಗೆ ಬಂತು. ಬಸವನಗುಡಿಯ ಸಾಹಿತಿಗಳು, ಕಲಾವಿದರು ಕೂತು ಹರಟಿದ ಜಾಗವೆಂದು ಇದರ ಖ್ಯಾತಿ. ಇಲ್ಲಿ ತಿನ್ನಬೇಕಾದ್ದು ಮಸಾಲೆ ದೋಸೆ. ದಪ್ಪನಾಗಿ, ಹೊರಗೆ ಕೆಂಪಾಗಿ ಗರಿಗರಿ, ಒಳಗೆ ಮೆತ್ತಗೆ ಇರುತ್ತದೆ. ಮಾಣಿಯು ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದ ಹಾಗೆ ಪೇರಿಸಿಕೊಂಡು ಬರುವುದು ನೋಡತಕ್ಕ ದೃಶ್ಯ. ಚಟ್ನಿ ನೀರಾಗಿರುತ್ತದೆ, ಅದೇ ಅಲ್ಲಿಯ ಪದ್ಧತಿ. ಸಾಂಬಾರು ಕೇಳಬೇಡಿ.

ಇಲ್ಲಿ ನಮ್ಮ ಮೊದಲನೆಯ ಸೂತ್ರ ಹೇಳಿಬಿಡುತ್ತೇವೆ: ಒಬ್ಬೊಬ್ಬರಿಗೆ ಒಂದೊಂದು ದೋಸೆ ಹೇಳಬೇಡಿ. ಇಬ್ಬರಿಗೆ ಒಂದು. ಬೆಂಗಳೂರಿನಲ್ಲಿ "ಬೈಟು" ಎಂಬ ಸೊಗಸಾದ ಪದ್ಧತಿ ಇದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ, ಯಾರೂ ಕಂಜೂಸು ಎನ್ನುವುದಿಲ್ಲ. ಅದನ್ನೇ ತಿಂಡಿಗೂ ಅನ್ವಯಿಸಿಕೊಳ್ಳಿ. ಮೊದಲ ಹೋಟೆಲಿನಲ್ಲೇ ಹೊಟ್ಟೆ ತುಂಬಿಸಿಕೊಂಡವನಿಗೆ ಉಳಿದ ಯಾತ್ರೆ ಬರಿಯ ಕಾಲುನೋವು.

ಅಲ್ಲಿಂದ ನಿಧಾನವಾಗಿ ನಡೆದು ಶಂಕರಪುರಕ್ಕೆ ಬನ್ನಿ. ೧೯೬೫ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಲ್ಲಿದೆ. ಕೂರಲು ಜಾಗವಿಲ್ಲ, ರಸ್ತೆಬದಿಯಲ್ಲಿ ನಿಂತೇ ತಿನ್ನಬೇಕು. ಸಿಗುವುದೂ ಬೆರಳೆಣಿಕೆಯ ತಿಂಡಿ: ಇಡ್ಲಿ, ಉದ್ದಿನ ವಡೆ, ಖಾರಾಬಾತ್, ಕೇಸರಿಬಾತ್, ಜತೆಗೆ ಕಾಫಿ ಟೀ. ಸಾಂಬಾರು ಇಲ್ಲವೇ ಇಲ್ಲ. ಚಟ್ನಿಯನ್ನು ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ. ತೋಟಗಾರರಾದ ನಾವು ಇಲ್ಲಿ ಒಂದು ಪಾಠ ಕಲಿಯಬಹುದು. ಹತ್ತಾರು ಬಗೆ ಮಾಡಲು ಹೋಗದೆ, ನಾಲ್ಕೇ ಬಗೆಯನ್ನು ದಿನವೂ ಒಂದೇ ಹದದಲ್ಲಿ ಮಾಡಿದ್ದರಿಂದ ಅರ್ಧ ಶತಮಾನ ಕಳೆದರೂ ಈ ಸಣ್ಣ ಜಾಗದ ಮುಂದೆ ಜನ ಸಾಲುಗಟ್ಟುತ್ತಾರೆ. ಇಲ್ಲಿ ಒಂದು ಇಡ್ಲಿ, ಅರ್ಧ ವಡೆ, ಒಂದು ಕಾಫಿ ಸಾಕು.

ಬಳಿಕ ಲಾಲ್‌ಬಾಗ್ ಸುತ್ತಿ, ಮಧ್ಯಾಹ್ನದ ಊಟಕ್ಕೆ ಮಾವಳ್ಳಿ ಟಿಫಿನ್ ರೂಮ್ಸ್, ಜನರ ಬಾಯಲ್ಲಿ ಎಂಟಿಆರ್. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಹಾಕಿದ ಅಂಗಡಿ ಇದು. ೧೯೬೦ರಿಂದ ಈಗಿನ ಜಾಗದಲ್ಲಿ ಈ ಹೆಸರಿನಲ್ಲಿ ನಡೆಯುತ್ತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದರೆಂದೂ, ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಈ ಹೋಟೆಲಿನವರು ಹೇಳುತ್ತಾರೆ. ಊಟಕ್ಕೆ ಹೆಸರು ಬರೆಸಿ ಕಾಯಬೇಕಾಗುತ್ತದೆ, ಬಡಿಸುವ ಬಗೆಗಳೂ ಬಹಳ. ಅಷ್ಟು ದೊಡ್ಡ ಊಟ ಬೇಡವೆನ್ನುವವರು ಸಂಜೆ ತಿಂಡಿಯ ಹೊತ್ತಿಗೆ ಹೋಗಿ ರವೆ ಇಡ್ಲಿಯನ್ನೋ ಬಿಸಿಬೇಳೆಬಾತನ್ನೋ ತಿಂದು ಕಾಫಿ ಕುಡಿದು ಬರಬಹುದು.

ಎಂಟಿಆರ್‌ನ ಒಂದು ಕಥೆ ನಾವೆಲ್ಲ ತಿಳಿದಿರಬೇಕಾದ್ದು. ೧೯೭೫ರಿಂದ ೧೯೭೭ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ದರವನ್ನು ಸರ್ಕಾರ ಬಹಳ ಕೆಳಗೆ ಕಟ್ಟಿಹಾಕಿತು. ಆ ದರದಲ್ಲಿ ತಮ್ಮ ಗುಣಮಟ್ಟ ಉಳಿಯದು ಎಂದು ಕಂಡಾಗ ಇವರು ಸಾಮಾನು ಕಳಪೆ ಮಾಡಲಿಲ್ಲ. ತಿಂಡಿಯ ಸಿದ್ಧ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಆ ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ ೨೦೦೭ರಲ್ಲಿ ಅದನ್ನು ನಾರ್ವೆ ದೇಶದ ಕಂಪನಿಯೊಂದು ಕೊಂಡುಕೊಂಡಿತು. ಹೋಟೆಲು ಮಾತ್ರ ಕುಟುಂಬದವರ ಬಳಿಯೇ ಉಳಿಯಿತು. ಬೆಲೆ ಕಟ್ಟಿದ ಕೈ ಇನ್ನೊಬ್ಬರದಾದಾಗ ಮಾಲನ್ನು ಸಂಸ್ಕರಿಸಿ ಮಾರುವುದೇ ದಾರಿ ಎಂಬುದನ್ನು ಒಂದು ಇಡ್ಲಿಯ ಅಂಗಡಿ ಐವತ್ತು ವರ್ಷದ ಹಿಂದೆಯೇ ಕಂಡುಕೊಂಡಿತು.

ಸಂಜೆ ಸಜ್ಜನರಾವ್ ವೃತ್ತದ ಬಳಿಯ ವಿಶ್ವೇಶ್ವರಪುರದ ತಿಂಡಿ ಬೀದಿ. ದೀಪ ಹತ್ತಿದ ಮೇಲೆಯೇ ಇದಕ್ಕೆ ಕಳೆ. ಅಲ್ಲೇ ೧೯೫೩ರಿಂದ ಇರುವ ವಿ.ಬಿ. ಬೇಕರಿಯ ಖಾರದ ಬನ್ನು, ಕಾಂಗ್ರೆಸ್ ಕಡಲೆಕಾಯಿ ಕಟ್ಟಿಸಿಕೊಂಡರೆ ಮನೆಯಲ್ಲಿ ಕಾಯುತ್ತಿರುವ ಮಕ್ಕಳಿಗೂ ಆಯಿತು. ಬೀದಿಯ ತಿಂಡಿಯಲ್ಲಿ ಕಣ್ಣೆದುರೇ ಬಿಸಿಯಾಗಿ ಬೇಯುವ ದೋಸೆ, ಪಡ್ಡು, ಅಕ್ಕಿರೊಟ್ಟಿ, ಹೋಳಿಗೆಯಂಥದ್ದನ್ನು ಆರಿಸಿಕೊಳ್ಳಿ. ತೆರೆದಿಟ್ಟ ಹಣ್ಣಿನ ಹೋಳು, ಐಸು ಹಾಕಿದ ಪಾನಕಗಳನ್ನು ಬಿಟ್ಟುಬಿಡಿ. ನಮ್ಮ ಹೊಟ್ಟೆ ಬಾವಿಯ ನೀರಿಗೆ ಒಗ್ಗಿದ್ದು. ಕುಡಿಯುವ ನೀರನ್ನು ಜೊತೆಗೇ ಒಯ್ಯುವುದು ಕ್ಷೇಮ.

ಮಾಂಸಾಹಾರಿಗಳಿಗೆ

ನಮ್ಮ ಸದಸ್ಯರಲ್ಲಿ ಎರಡು ದಿನ ಇಡ್ಲಿ ದೋಸೆಯಲ್ಲೇ ಕಳೆಯುವುದೆಂದರೆ ಮುಖ ಸಣ್ಣ ಮಾಡುವವರೂ ಇದ್ದಾರೆ. ಅವರಿಗಾಗಿ ಬೆಂಗಳೂರಿನಲ್ಲಿ ಮಿಲಿಟರಿ ಹೋಟೆಲುಗಳಿವೆ. ಹೆಸರು ಕೇಳಿ ಹೆದರಬೇಕಾಗಿಲ್ಲ, ನಮ್ಮ ಕಡೆಯ ಪೇಟೆಗಳಲ್ಲೂ ಈ ಹೆಸರಿನ ಹೋಟೆಲುಗಳುಂಟು. ೧೯೩೫ರಲ್ಲಿ ಆರಂಭವಾದ ಶಿವಾಜಿ ಮಿಲಿಟರಿ ಹೋಟೆಲು ಜಯನಗರದಲ್ಲಿದೆ. ದೊನ್ನೆ ಬಿರಿಯಾನಿ ಇದರ ಹೆಸರುವಾಸಿ ಪದಾರ್ಥ. ಒಣಗಿದ ಎಲೆಯ ದೊನ್ನೆಯಲ್ಲಿ ಹಾಕಿಕೊಡುವುದರಿಂದ ಆ ಹೆಸರು. ಪುದೀನ ಕೊತ್ತಂಬರಿ ಹೆಚ್ಚು, ಬಣ್ಣ ಕಡಿಮೆ. ಇದಕ್ಕೆ ಮಧ್ಯಾಹ್ನವೇ ಸರಿ. ತಡವಾದರೆ ಪಾತ್ರೆ ಬರಿದಾಗಿರುತ್ತದೆ. ಗುಂಪಿನಲ್ಲಿ ಎರಡು ಪಕ್ಷದವರೂ ಇದ್ದರೆ ಊಟದ ಹೊತ್ತಿಗೆ ಇಬ್ಭಾಗವಾಗಿ ಹೋಗಿ, ಸಂಜೆ ಕಾಫಿಗೆ ಕೂಡಿಕೊಳ್ಳುವುದು ಸ್ನೇಹಕ್ಕೆ ಒಳ್ಳೆಯದು.

ಎರಡನೆಯ ದಿನ: ಮಲ್ಲೇಶ್ವರ ಮತ್ತು ಕಾಫಿಯ ಮನೆಗಳು

ಬುಧವಾರ ಬೆಳಗ್ಗೆ ಮಲ್ಲೇಶ್ವರ. ಮೆಜೆಸ್ಟಿಕ್‌ನಿಂದ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣ ಒಂದೇ ಹೆಜ್ಜೆ. ಮಾರ್ಗೋಸಾ ರಸ್ತೆಯ ಸಿಟಿಆರ್, ಅಂದರೆ ಸೆಂಟ್ರಲ್ ಟಿಫಿನ್ ರೂಮ್, ಬೆಣ್ಣೆ ಮಸಾಲೆಗೆ ಪ್ರಸಿದ್ಧ. ಬೋರ್ಡಿನ ಮೇಲೆ ಈಗ ಶ್ರೀ ಸಾಗರ್ ಎಂದಿದೆ, ಹೆಸರು ಹುಡುಕುತ್ತ ಮುಂದೆ ಹೋಗಿಬಿಡಬೇಡಿ. ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ತಿಂದ ದೋಸೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ ವಾದಿಸುವುದು ಬೆಂಗಳೂರಿನವರ ಹಳೆಯ ಹವ್ಯಾಸ. ಯಾವುದು ಮೇಲು ಎಂದು ತೀರ್ಪು ಕೊಡಲು ನಾವು ಸಿದ್ಧರಿಲ್ಲ. ದೋಸೆ ಸಾಕೆನ್ನಿಸಿದವರಿಗೆ ೧೯೭೭ರಿಂದ ನಡೆಯುತ್ತಿರುವ ವೀಣಾ ಸ್ಟೋರ್ಸ್‌ನ ಮೆತ್ತನೆಯ ಇಡ್ಲಿ ಇದೆ.

ತಿಂಡಿಯಾದ ಮೇಲೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ. ಡಾ. ಅಂಬೇಡ್ಕರ್ ವೀಧಿಯಲ್ಲಿ ಕಾಫಿ ಮಂಡಳಿಯ ಕಚೇರಿಯಿದೆ. ಸಬ್ಸಿಡಿಯ ಅರ್ಜಿಯ ಕಾಗದಗಳಲ್ಲಿ ಮಾತ್ರ ಈ ವಿಳಾಸ ನೋಡಿದವರು ಒಮ್ಮೆ ಆ ಕಟ್ಟಡವನ್ನೂ ನೋಡಿಬರಲಿ. ಹುರಿಯುವುದು, ಪುಡಿ ಮಾಡುವುದು, ಸೋಸುವುದು, ರುಚಿ ನೋಡುವುದು ಇವುಗಳನ್ನು ಕಲಿಸಲು ಮಂಡಳಿಯು "ಕಾಪಿ ಶಾಸ್ತ್ರ" ಎಂಬ ಅಲ್ಪಾವಧಿಯ ತರಬೇತಿ ನಡೆಸುತ್ತ ಬಂದಿದೆ. ಮುಂದಿನ ತರಬೇತಿ ಯಾವಾಗ, ಬೆಳೆಗಾರರ ಮಕ್ಕಳು ಸೇರಲು ಏನು ಮಾಡಬೇಕು ಎಂದು ವಿಚಾರಿಸಿಕೊಂಡು ಬಂದರೆ ಪ್ರಯಾಣದ ಖರ್ಚು ವಸೂಲಾದಂತೆಯೇ.

ಅಲ್ಲಿಂದ ಎಂ.ಜಿ. ರಸ್ತೆಯ ಕಡೆಗೆ. ಇಲ್ಲಿ ಸಹಕಾರಿಗಳಾದ ನಾವು ತಿಳಿಯಲೇಬೇಕಾದ ಚರಿತ್ರೆಯೊಂದಿದೆ. ಕಾಫಿ ಸೆಸ್ ಸಮಿತಿಯವರು ೧೯೩೬ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ದೇಶದ ಜನಕ್ಕೆ ಕಾಫಿಯ ರುಚಿ ಹತ್ತಿಸಿ ನಮ್ಮ ಬೆಳೆಗೆ ಗಿರಾಕಿ ಹುಟ್ಟಿಸುವುದು ಅದರ ಉದ್ದೇಶ. ಮುಂದೆ ಕಾಫಿ ಮಂಡಳಿ ಇವನ್ನು ನಡೆಸಿತು. ಐವತ್ತರ ದಶಕದ ನಡುವೆ ಮಂಡಳಿಯು ಕಾಫಿ ಹೌಸುಗಳನ್ನು ಮುಚ್ಚಲು ತೊಡಗಿದಾಗ ಕೆಲಸಗಾರರು ಬೀದಿಪಾಲಾಗುವ ಪರಿಸ್ಥಿತಿ ಬಂತು. ಕೇರಳದ ಕಾರ್ಮಿಕ ಧುರೀಣ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸುಗಳನ್ನು ತಾವೇ ನಡೆಸಲು ನಿಂತರು. ಹಾಗೆ ಹುಟ್ಟಿದ ಮೊದಲ ಸಂಘ ಬೆಂಗಳೂರಿನದು, ೧೯೫೭ರ ಆಗಸ್ಟ್ ೧೯ರಂದು. ಲೋಟ ತೊಳೆಯುತ್ತಿದ್ದವರು, ಪೇಟ ಕಟ್ಟಿಕೊಂಡು ಬಡಿಸುತ್ತಿದ್ದವರು ಮಾಲೀಕರಾದರು. ದಶಕಗಳ ಕಾಲ ಎಂ.ಜಿ. ರಸ್ತೆಯಲ್ಲಿದ್ದ ಅವರ ಕಾಫಿ ಹೌಸ್ ೨೦೦೯ರಲ್ಲಿ ಆ ಕಟ್ಟಡ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಹೋಗುವ ಮೊದಲು ವಿಳಾಸ ಕೇಳಿಕೊಂಡು ಹೋಗಿ, ಅಲ್ಲಿ ಒಂದು ಕಾಫಿ ಕುಡಿಯಿರಿ. ಕಾಫಿ ಬೆಳೆದ ಸಹಕಾರಿಯು ಕಾಫಿ ಕಾಸುವ ಸಹಕಾರಿಗೆ ಸಲ್ಲಿಸುವ ಮರ್ಯಾದೆ ಅದು.

ಅದೇ ಸುತ್ತಿನ ಬ್ರಿಗೇಡ್ ರಸ್ತೆಯಲ್ಲಿ ೧೯೯೬ರಲ್ಲಿ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಕಾಫಿ ಡೇ ಅಂಗಡಿ ತೆರೆದರು. ಮಂಡಳಿಯ ಪೂಲ್ ಪದ್ಧತಿ ಮುಗಿದು ಬೆಳೆಗಾರರು ತಮ್ಮ ಕಾಫಿಯನ್ನು ಪೂರ್ತಿಯಾಗಿ ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯ ಬಂದದ್ದೂ ಅದೇ ಹೊತ್ತಿಗೆ. ಈಚಿನ ವರ್ಷಗಳಲ್ಲಿ ಆ ಭಾಗದಲ್ಲಿ ಇನ್ನೂ ಹೊಸ ಬಗೆಯ ಅಂಗಡಿಗಳು ಬಂದಿವೆ. ಅಲ್ಲಿ ಹಲಗೆಯ ಮೇಲೆ ಎಸ್ಟೇಟಿನ ಹೆಸರು, ಎತ್ತರ, ಸಂಸ್ಕರಣೆಯ ಕ್ರಮ ಎಲ್ಲ ಬರೆದಿರುತ್ತಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೂ ನಾಲ್ವರು ಸೇರಿ ಒಂದು ಲೋಟ, ಹಾಲು ಸಕ್ಕರೆ ಇಲ್ಲದ್ದು, ಕುಡಿದು ನೋಡಿ. ಹಣ್ಣು ಹಣ್ಣನ್ನೇ ಆರಿಸಿ ಕೊಯ್ದು, ಶ್ರದ್ಧೆಯಿಂದ ಒಣಗಿಸಿದ ಕಾಫಿಗೂ, ಕಾಯಿ ಹಣ್ಣು ಒಟ್ಟಿಗೆ ಎಳೆದು ಒಣಗಿಸಿದ್ದಕ್ಕೂ ಇರುವ ಅಂತರ ನಾಲಿಗೆಗೆ ತಿಳಿಯುತ್ತದೆ.

ಲೋಟದೊಳಗೆ ಇಣುಕಿ ನೋಡಿ

ಈಗ ಅಸಲು ವಿಷಯಕ್ಕೆ ಬರೋಣ. ಎರಡು ದಿನದಲ್ಲಿ ಐದಾರು ಕಡೆ ಕಾಫಿ ಕುಡಿಯುತ್ತೇವೆ. ಎಲ್ಲವೂ ಒಂದೇ ಹಾಗೆ ಇರುವುದಿಲ್ಲ. ಒಂದು ಗಟ್ಟಿ, ಒಂದು ಕಂಪು, ಒಂದು ಬರೀ ಕಹಿ. ಇದಕ್ಕೆ ಕಾರಣ ಮೂರು: ಬೀಜ, ಡಿಕಾಕ್ಷನ್ನಿನ ವಯಸ್ಸು ಮತ್ತು ಚಿಕೋರಿ.

ಡಿಕಾಕ್ಷನ್ ಇಳಿದ ಹೊಸದರಲ್ಲೇ ಚೆನ್ನ. ಗಂಟೆಗಟ್ಟಲೆ ಬಿಸಿಯಲ್ಲಿ ಇಟ್ಟರೆ ಕಂಪು ಹೋಗಿ ಒಗರು ಉಳಿಯುತ್ತದೆ. ಆದುದರಿಂದ ಹೋಟೆಲು ತೆರೆದ ಹೊಸತರಲ್ಲಿ, ಇಲ್ಲವೇ ಸಂಜೆಯ ತಿಂಡಿ ಆರಂಭವಾದಾಗ ಕುಡಿಯುವುದು ಲೇಸು. ಸಕ್ಕರೆ ಕಾಯಿಲೆಯವರು "ಸಕ್ಕರೆ ಬೇರೆ ಕೊಡಿ" ಎಂದು ಮೊದಲೇ ಹೇಳಬೇಕು. ಸಕ್ಕರೆ ಹಾಕದ ಕಾಫಿಯಲ್ಲಿ ಬೀಜದ ಗುಣವೂ ಹೆಚ್ಚು ತಿಳಿಯುತ್ತದೆ.

ಚಿಕೋರಿ ಎಂಬುದು ಒಂದು ಗಿಡದ ಬೇರು. ಗುಜರಾತು, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಹುರಿದು ಪುಡಿ ಮಾಡಿ ಬೆರೆಸಿದರೆ ಬಣ್ಣ, ಮಂದ, ಕಹಿ ಹೆಚ್ಚುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ದಕ್ಷಿಣದ ಜನಕ್ಕೆ ಆ ರುಚಿ ಒಗ್ಗಿಹೋಗಿದೆ, ಬೆರೆಸಿದವರೆಲ್ಲ ಮೋಸಗಾರರು ಎಂದು ನಾವು ಹೇಳುವುದಿಲ್ಲ. ಆದರೆ ಪ್ರಮಾಣ ತಿಳಿದಿರಬೇಕು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇಕಡಾ ೫೧ಕ್ಕೆ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು. ಅಂದರೆ ನಿಯಮ ಮೀರದೆಯೇ ಪುಡಿಯಲ್ಲಿ ಅರ್ಧಕ್ಕೆ ಒಂದಿಷ್ಟೇ ಕಡಿಮೆ ಬೇರು ಇರಬಹುದು! ಪುಡಿ ಕೊಳ್ಳುವಾಗ ಆ ಸಣ್ಣ ಅಕ್ಷರವನ್ನು ಓದಿ. ಮನೆಗೆ ತಂದ ಮೇಲೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಚಿಟಿಕೆ ಪುಡಿ ಉದುರಿಸಿ ನೋಡಿ. ಕಾಫಿ ತೇಲುತ್ತದೆ. ಚಿಕೋರಿ ಕೂಡಲೇ ಮುಳುಗುತ್ತ ಕಂದು ಬಣ್ಣದ ಗೆರೆ ಬಿಡುತ್ತದೆ.

ಇನ್ನು ಒಂದು ಲೆಕ್ಕ. ಐವತ್ತು ಕಿಲೋದ ಒಂದು ಚೀಲ ರೋಬಸ್ಟಾ ಚೆರಿಯ ಔಟ್‌ಟರ್ನ್, ನಾವು ಓಟಿ ಎನ್ನುವುದು, ೨೭ ಎಂದಿಟ್ಟುಕೊಳ್ಳಿ. ೨೭ ಕಿಲೋ ಬೀಜ ಸಿಕ್ಕಿತು. ಹುರಿದಾಗ ತೂಕ ನೂರಕ್ಕೆ ಹದಿನಾರರಷ್ಟು ಇಳಿದರೆ ಉಳಿಯುವುದು ಸುಮಾರು ೨೨.೫ ಕಿಲೋ ಪುಡಿ. ಲೋಟವೊಂದಕ್ಕೆ ೧೦ ಗ್ರಾಂ ಪುಡಿಯಂತೆ ೨,೨೫೦ ಲೋಟ ಕಾಫಿ. ಅದಕ್ಕೆ ನೂರಕ್ಕೆ ಮೂವತ್ತು ಚಿಕೋರಿ ಬೆರೆಸಿದರೆ ಪುಡಿ ೩೨ ಕಿಲೋ ದಾಟುತ್ತದೆ, ಲೋಟಗಳು ೩,೨೦೦ ಆಗುತ್ತವೆ. ಈಗ ನೀವು ಹೋಟೆಲಿನಲ್ಲಿ ಲೋಟಕ್ಕೆ ಕೊಟ್ಟ ಬೆಲೆಯಿಂದ ಗುಣಿಸಿ, ಪಕ್ಕದಲ್ಲಿ ನಮಗೆ ಚೀಲಕ್ಕೆ ಬಂದ ಬೆಲೆಯನ್ನು ಬರೆಯಿರಿ.

ಈ ಅಂತರವೆಲ್ಲ ಹೋಟೆಲಿನವನ ಲಾಭವೆಂದು ತಿಳಿಯುವುದು ತಪ್ಪು. ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಸಂಬಳ, ತೆರಿಗೆ ಎಲ್ಲ ಅದರಲ್ಲಿದೆ. ಹಾಲನ್ನು ನಾವು ಕಾಸಿ ಕೊಡಲಾರೆವು, ಬೆಂಗಳೂರಿನ ಬಾಡಿಗೆಯನ್ನೂ ಕಟ್ಟಲಾರೆವು. ಆದರೆ ಬೀಜಕ್ಕೂ ಪುಡಿಗೂ ನಡುವೆ ಇರುವ ಭಾಗ, ಅಂದರೆ ಬಿಡಿಸುವುದು, ಜಾತಿ ಮಾಡುವುದು, ಹುರಿಯುವುದು, ಪುಡಿ ಮಾಡಿ ಪೊಟ್ಟಣ ಕಟ್ಟುವುದು, ಇದು ಒಬ್ಬ ಸಣ್ಣ ಬೆಳೆಗಾರನಿಗೆ ಅಸಾಧ್ಯವಾದರೂ ಒಂದು ಸಂಘಕ್ಕೆ ಅಸಾಧ್ಯವಲ್ಲ. ಅದನ್ನು ಮಾಡಬೇಕೆ, ಎಷ್ಟು ಸಣ್ಣದಾಗಿ ಆರಂಭಿಸಬೇಕು ಎಂದು ತೀರ್ಮಾನಿಸುವ ಮುನ್ನ, ಕುಡಿಯುವವನ ನಾಲಿಗೆ ಏನು ಕೇಳುತ್ತದೆ ಎಂದು ತಿಳಿಯಬೇಕು. ಅದು ತೋಟದಲ್ಲಿ ಕೂತರೆ ತಿಳಿಯದು.

ಊಟದ ಕೊನೆಗೆ

ಅಡಿಕೆ ಬೆಳೆಗಾರರಿಗೂ ಒಂದು ಕೆಲಸವಿದೆ. ನಮ್ಮಲ್ಲಿ ಊಟದ ಕೊನೆಗೆ ಎಲೆಯಡಿಕೆಯ ತಟ್ಟೆ ಬರದಿದ್ದರೆ ಊಟ ಮುಗಿಯಲಿಲ್ಲ. ಪೇಟೆಯ ಹೋಟೆಲುಗಳಲ್ಲಿ ಬಿಲ್ಲಿನ ಜೊತೆ ಬರುವುದು ಹೆಚ್ಚಾಗಿ ಸೋಂಪು ಮತ್ತು ಕಲ್ಲುಸಕ್ಕರೆ. ಎಲೆ ಬೇಕಾದವರು ಹೊರಗಿನ ಬೀಡಾ ಅಂಗಡಿಗೆ ಹೋಗಬೇಕು. ಅಲ್ಲಿ ನಿಂತು, ಅವನು ಹಾಕುವ ಅಡಿಕೆ ಚಾಲಿಯೋ ಕೆಂಪೋ, ಎಲ್ಲಿಂದ ತರಿಸುತ್ತಾನೆ, ಕಿಲೋಗೆ ಏನು ಕೊಡುತ್ತಾನೆ ಎಂದು ಸೌಜನ್ಯದಿಂದ ಕೇಳಿ. ಬೆಳೆಗಾರರು ಎಂದು ತಿಳಿದರೆ ಅಂಗಡಿಯವರು ಸಂತೋಷದಿಂದಲೇ ಮಾತಾಡುತ್ತಾರೆ.

ಹೊರಡುವವರಿಗೆ ಕೆಲವು ಕಿವಿಮಾತು

ಗುಂಪು ಹನ್ನೆರಡಕ್ಕೆ ಮೀರದಿರಲಿ, ಹಳೆಯ ಹೋಟೆಲುಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿಗೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಒಬ್ಬರು ಖಜಾಂಚಿಯಾಗಿ ಎಲ್ಲರಿಂದ ಮೊದಲೇ ಸಮನಾಗಿ ಹಣ ಕೂಡಿಸಿ ಖರ್ಚು ಬರೆದಿಡಲಿ. ಬಿಲ್ಲಿನ ಮುಂದೆ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಎಂಬ ಎಳೆದಾಟ ತಪ್ಪುತ್ತದೆ. ದಿನಕ್ಕೆ ನಾಲ್ಕು ಕಡೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಎರಡು ತಿಂಡಿಯ ನಡುವೆ ಎರಡು ಗಂಟೆಯಾದರೂ ಅಂತರವಿರಲಿ, ಆ ಹೊತ್ತಿನಲ್ಲಿ ಕಾಲು ಆಡಲಿ. ವಯಸ್ಸಾದವರಿದ್ದರೆ ನಿಂತು ತಿನ್ನುವ ಹೋಟೆಲಿನಲ್ಲಿ ಅವರಿಗೆ ಮೊದಲು ಕೂರುವ ಕಟ್ಟೆ ಹುಡುಕಿ, ತಟ್ಟೆಯನ್ನು ಅಲ್ಲಿಗೇ ಒಯ್ದು ಕೊಡಿ. ಮನೆಯ ಹೆಂಗಸರನ್ನು ಬಿಟ್ಟು ಹೋಗಬೇಡಿ. ರುಚಿಯ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರ ಅವರಿಗೆ ನಮಗಿಂತ ಹೆಚ್ಚು.

ಕೊನೆಯದಾಗಿ, ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರಲಿ. ಎಲ್ಲಿ ಕುಡಿದಿರಿ, ಲೋಟಕ್ಕೆ ಎಷ್ಟು, ಗಟ್ಟಿಯೋ ತೆಳುವೋ, ಚಿಕೋರಿ ಹೆಚ್ಚೋ ಕಡಿಮೆಯೋ, ಕಂಪು ಇತ್ತೋ ಇಲ್ಲವೋ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ಯಾವ ಯಾವ ಪುಡಿ ಯಾವ ಬೆಲೆಗೆ ಮಾರುತ್ತಿತ್ತು ಎಂಬುದನ್ನೂ ಬರೆಯಿರಿ. ಮುಂದಿನ ವಾರ್ಷಿಕ ಸಭೆಯಲ್ಲಿ ಪುಡಿ ಘಟಕದ ಮಾತು ಬಂದಾಗ "ಯಾರೋ ಹೇಳಿದರು" ಎನ್ನುವುದಕ್ಕಿಂತ, ನಾವೇ ಕುಡಿದು ನೋಡಿ ಬರೆದುಕೊಂಡ ಆ ನಾಲ್ಕು ಸಾಲು ಹೆಚ್ಚು ತೂಕದ್ದಾಗುತ್ತದೆ.